ನೀರಿನ ಕಡೆಯಿಂದ ಏಣಿ

ದೋಣಿಕಟ್ಟೆಯಲ್ಲಿ ಅವನನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ವೆಲ್ಡಿಂಗ್ ಕೆಲಸದವನಾದ್ದರಿಂದ ಆ ಹೆಸರು ಬಿತ್ತು ಎಂದು ಅವನ ಹೆಂಡತಿ ಹೊಸಬರ ಮುಂದೆ ಹೇಳುತ್ತಿದ್ದಳು. ಹಳಬರು ಕೇಳಿ ಮೀಸೆಯೊಳಗೇ ನಗುತ್ತಿದ್ದರು. ಕೋಪ ಅವನಿಗೆ ಮೂಗಿನ ತುದಿಯಲ್ಲೇ ಇತ್ತು. ಬಂದಷ್ಟೇ ಬೇಗ ಹೋಗುತ್ತಿತ್ತು, ಸುಳ್ಳಲ್ಲ. ಆದರೆ ಹೋಗುವಾಗ ಒಂದಿಬ್ಬರು ಗಿರಾಕಿಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು.

ಸಣ್ಣ ಹಾಯಿದೋಣಿಗಳಿಗೆ ಏಣಿ ಮಾಡುವುದು ಅವನ ಕಸುಬು. ದೋಣಿಯ ಹಿಂಬದಿಗೆ ಮಡಚಿ ಕೂರಿಸಿದ ಸ್ಟೀಲ್ ಏಣಿ; ಈಜಲು ಇಳಿದವರು ಅದನ್ನು ಹಿಡಿದು ಮೇಲಕ್ಕೆ ಹತ್ತಿ ಬರಬೇಕು. ಅವನ ಕೈಯಲ್ಲಿ ಬೆಸುಗೆ ಎಂದರೆ ಬೆಸುಗೆ. ಎಲ್ಲಿ ಕೂಡಿಸಿದ್ದಾನೆ ಎಂದು ಬೆರಳಾಡಿಸಿದರೂ ಗೊತ್ತಾಗುತ್ತಿರಲಿಲ್ಲ. ಏಣಿ ಮುಗಿದ ಮೇಲೆ ಪರೀಕ್ಷೆ. ದೋಣಿಯನ್ನು ದಡಕ್ಕೆಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಏಣಿ ಬಿಗಿದು, ಬೂಟುಗಾಲಲ್ಲೇ ದಡದಡ ಹತ್ತಿ ಇಳಿದು, "ಆನೆ ಹತ್ತಿದ್ರೂ ಅಲ್ಲಾಡಲ್ಲ, ತಗೊಂಡ್ ಹೋಗಿ" ಎನ್ನುತ್ತಿದ್ದ.

ಯಾರಾದರೂ ವಾಪಸ್ ಬಂದು, ನೀರಿನಿಂದ ಹತ್ತುವುದು ಕಷ್ಟವಾಗುತ್ತದೆ ಎಂದರೆ ಮುಗಿಯಿತು. "ಹತ್ತಲಾರದವರು ಏಣಿ ಡೊಂಕು ಅಂದ್ರಂತೆ!" ಎಂದು ಗ್ರೈಂಡರ್ ಚಾಲೂ ಮಾಡಿಬಿಡುತ್ತಿದ್ದ. ಗ್ರೈಂಡರಿನ ಮುಂದೆ ವಾದ ಮಾಡುವ ಗಂಟಲು ಯಾರಿಗಿದೆ?

ಆದರೆ ಒಂದು ಮಾತು ಯಾರೂ ಕೇಳಿರಲಿಲ್ಲ: ಇವನು ಎಂದಾದರೂ ನೀರಿನಿಂದ ಏಣಿ ಹತ್ತಿದ್ದಾನೆಯೇ? ಹತ್ತಿರಲಿಲ್ಲ. ಅವನಿಗೆ ಈಜು ಬಾರದು. ಚಿಕ್ಕವನಿದ್ದಾಗ ಇದೇ ಕಟ್ಟೆಯ ಮೇಲಿಂದ ಜಾರಿ ಬಿದ್ದು, ಹೊಟ್ಟೆ ತುಂಬ ನೀರು ಕುಡಿದು, ಜೀವ ಬಾಯಿಗೆ ಬಂದಿತ್ತು. ಅಂದು ಹಾರಿ, ಕೂದಲು ಹಿಡಿದು ದಡಕ್ಕೆಳೆದವಳು ಅಕ್ಕ. ಅಂದಿನಿಂದ ಅವನಿಗೂ ನೀರಿಗೂ ಇರುವ ನಂಟು ಬಚ್ಚಲುಮನೆಯ ಬಕೆಟ್ಟಿನವರೆಗೆ ಮಾತ್ರ.

ಅಕ್ಕ ಇದಕ್ಕೆ ತದ್ವಿರುದ್ಧ. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಗಾದೆ ನಮ್ಮನೇಲೇ ಹುಟ್ಟಿರ್ಬೇಕು" ಎಂದು ಅವರಮ್ಮ ಹೇಳುತ್ತಿದ್ದಳು. ಅಕ್ಕ ಹಾಯಿ ಹೊಲಿಯುವವಳು. ವಾರವೆಲ್ಲ ದಪ್ಪ ಬಟ್ಟೆಯ ಮೇಲೆ ಬಗ್ಗಿ ಬೆನ್ನು ಬಿಲ್ಲಾದರೆ, ಭಾನುವಾರ ನೀರೇ ಅವಳಿಗೆ ಮದ್ದು. ಭಾವ ಟಪಾಲು ಹಂಚಿ ನಿವೃತ್ತರಾದವರು, ಸಾಧು. ಗಂಡ ಹೆಂಡತಿ ತಮ್ಮ ಪುಟ್ಟ ಹಾಯಿದೋಣಿಯಲ್ಲಿ ದಡದಿಂದ ದೂರ ಹೋಗುವುದು, ಭಾವ ತೂಕಡಿಸುವುದು, ಅಕ್ಕ ಮನಸೋಇಚ್ಛೆ ಈಜುವುದು. ಸಂಸಾರದ ಸುಖ ಅದು.

ಕಳೆದ ವರ್ಷ ಅಕ್ಕ ಮಹಡಿ ಮೆಟ್ಟಿಲಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ತೋಳಿನ ಬಲ ಅರ್ಧಕ್ಕೆ ನಿಂತಿತು. ಆಮೇಲೆ ಮೊದಲ ಸಲ ನೀರಿಗಿಳಿದ ದಿನ ಈಜಿದಳು, ಚೆನ್ನಾಗಿಯೇ ಈಜಿದಳು, ಆದರೆ ವಾಪಸ್ ಹತ್ತಲು ಆಗಲಿಲ್ಲ. ತಮ್ಮ ಮಾಡಿಕೊಟ್ಟ ಏಣಿಯನ್ನು ಹಿಡಿದು ಜೋತಾಡಿದಳು. ಕೊನೆಗೆ ಭಾವ, ಪಕ್ಕದ ದೋಣಿಯವರ ಸಹಾಯ ತೆಗೆದುಕೊಂಡು, ಕಂಕುಳಿಗೆ ಕೈಹಾಕಿ ಅಕ್ಕಿಮೂಟೆಯಂತೆ ಎಳೆದು ಹಾಕಿದರು. ಮೊಣಕಾಲು ತರಚಿತು, ರವಿಕೆಯ ಹೆಗಲು ಹರಿಯಿತು.

"ನಿಮ್ಮಕ್ಕ ದೋಣಿ ಮಾರಿಬಿಡಿ ಅಂತಿದ್ದಾಳೆ ಕಣೋ," ಎಂದು ಭಾವ ಶೆಡ್ಡಿಗೆ ಬಂದು ಹೇಳಿದರು. "ಮುಂದಿನ ವಾರ ಕೊಳ್ಳೋರು ನೋಡೋಕೂ ಬರ್ತಾರೆ."

"ಯಾಕೆ? ನನ್ನ ಏಣಿಗೇನಾಗಿದೆ ದಾಡಿ?" ಕಿಡಿ ಸಿಡಿದ. "ಇನ್ನೂ ದಪ್ಪ ಪೈಪಲ್ಲಿ ಮಾಡ್ಕೊಡ್ತೀನಿ."

"ದಪ್ಪದ್ದಲ್ವೋ ತೊಂದರೆ..."

ಗ್ರೈಂಡರ್ ಶುರುವಾಯಿತು.

ಹೊಸ ಏಣಿ ಕನ್ನಡಿಯಂತೆ ಹೊಳೆಯುತ್ತಿತ್ತು. ದಿಮ್ಮಿಗಳ ಮೇಲೆ ನಿಂತ ದೋಣಿಗೆ ಅದನ್ನು ಬಿಗಿದು ಅಕ್ಕನನ್ನು ಕರೆಸಿದ. ಅವಳು ನೆಲದಿಂದ ಹೆಜ್ಜೆಯಿಟ್ಟು ಸಲೀಸಾಗಿ ಹತ್ತಿದಳು, ಇಳಿದಳು.

"ನೋಡಿದ್ಯಾ?" ಎಂದ ಕಿಡಿ.

"ಇಲ್ಲಿ ಹತ್ತಬಹುದು. ಅಲ್ಲಿ ಕಾಲಡಿ ನೆಲ ಇರಲ್ವಲ್ಲೋ."

"ಹತ್ತಲಾರದವರು ಏಣಿ..." ಮಾತು ಬಾಯಿಂದ ಜಾರಿತ್ತು. ನಾಲಿಗೆ ಕಚ್ಚಿಕೊಂಡ. ಭಾವ ಆಕಾಶ ನೋಡಿದರು.

ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಹಾಗಾದ್ರೆ ನೀನೇ ಹತ್ತಿ ತೋರ್ಸು. ನೀರಿಂದ. ನೀನು ಹತ್ತಿದ್ರೆ ನಾನೂ ಹತ್ತುತೀನಿ, ದೋಣಿನೂ ಮಾರಲ್ಲ. ಆಗ್ದಿದ್ರೆ ಬಾಯ್ಮುಚ್ಕೊಂಡು ಮಾರೋಕೆ ಬಿಡು."

ಕಿಡಿಯ ಮುಖ ಬೂದಿಯಾಯಿತು. ಆದರೆ ಅಕ್ಕನ ಮುಂದೆ ಹಿಂದೆ ಸರಿದರೆ ಗಂಡಸುತನ ಹೋಗಲಿ, ತಮ್ಮತನವೇ ಹೋಗುತ್ತದಲ್ಲ! ಸರಿ ಎಂದ.

ಮರುದಿನ ಬೆಳಗ್ಗೆ ದೋಣಿಯನ್ನು ನೀರಿಗಿಳಿಸಿ ಕಟ್ಟೆಗೆ ಕಟ್ಟಿದರು. ಕಿಡಿ ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ ತೊಟ್ಟು ಬಂದ.

"ಮೂರನೇದು ತರ್ಲಾ?" ಎಂದರು ಭಾವ ದೋಣಿಯೊಳಗಿಂದ.

"ಸುಮ್ನಿರಿ ಭಾವ!"

ಅಕ್ಕ ಕಟ್ಟೆಯ ಕಲ್ಲುಮೆಟ್ಟಿಲು ಇಳಿದು, ಅವನ ಕೈ ಹಿಡಿದು ನೀರಿಗೆ ಕರೆದೊಯ್ದಳು. ಕಣ್ಣು ಮುಚ್ಚಿಕೊಂಡೇ ಏಣಿಯವರೆಗೆ ಹೋದ. ಹಿಡಿದ. ಸ್ಟೀಲು ಕೈಗೆ ಸಿಕ್ಕಿದ ಕೂಡಲೇ ಧೈರ್ಯ ಬಂತು, ತನ್ನದೇ ಕೂಸಲ್ಲವೇ. ಕಾಲೆತ್ತಿದ. ಕೆಳಗಿನ ಮೆಟ್ಟಿಲು ಹೊಟ್ಟೆಯ ಮಟ್ಟದಲ್ಲಿತ್ತು. ಮೊಣಕಾಲು ದೋಣಿಗೆ ಧಡ್ಡೆಂದು ಬಡಿಯಿತು. ಹೇಗೋ ಪಾದ ಏರಿಸಿದರೆ ದೇಹ ಹಿಂದಕ್ಕೆ ತೇಲಿ, ಕಾಲುಗಳು ದೋಣಿಯ ಅಡಿಗೆ ಹೋದವು. ದುಂಡನೆಯ ಪೈಪು ಬರಿಗಾಲನ್ನು ಕುಯ್ಯುವಂತೆ ಒತ್ತಿತು. ಸುತ್ತಿಗೆ ಬೀಸಿ ಉಕ್ಕಾದ ತೋಳುಗಳೂ ಸೋತವು. ಮೇಲೆ ಹಿಡಿಯಲು ನೋಡಿದರೆ ನುಣುಪಾದ ಅಂಚು ಬಿಟ್ಟು ಏನೂ ಇಲ್ಲ. ಜಾರಿದ.

"ಏಣಿ ಡೊಂಕಾಗಿದ್ಯಾ ನೋಡೋ," ಎಂದರು ಭಾವ.

ಕಿಡಿ ಗುಡುಗಲು ಬಾಯಿ ತೆರೆದ, ನೀರು ಒಳಗೆ ಹೋಯಿತು. ಕೆಮ್ಮಿದ. ಇನ್ನೊಮ್ಮೆ ಹತ್ತಲು ನೋಡಿದ, ಮತ್ತೆ ಜಾರಿದ. ನೀರಿನಲ್ಲಿ ಕಿಡಿ ಎಷ್ಟು ಹೊತ್ತು ಉರಿದೀತು? ಏಣಿಗೆ ಜೋತುಬಿದ್ದು ಉಸಿರೆಳೆಯುತ್ತ ಅಕ್ಕನ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಅಂದು ದೋಣಿಯ ಹಿಂದೆ ಇವಳೂ ಹೀಗೇ ಜೋತುಬಿದ್ದಿದ್ದಳು, ಅದೂ ಒಂದೂವರೆ ತೋಳಿನಲ್ಲಿ.

"ಅಕ್ಕಾ," ಎಂದ, "ನಿನ್ನ ಕಾಲು ಎಷ್ಟು ಮೇಲೆ ಬರುತ್ತೆ? ನೋವಿಲ್ದೆ?"

ಇಷ್ಟು ವರ್ಷದ ಕಸುಬಿನಲ್ಲಿ ಒಬ್ಬರನ್ನೂ ಅವನು ಕೇಳದ ಪ್ರಶ್ನೆ ಅದು.

ಅಕ್ಕ ನೀರಿನಲ್ಲಿ ನೆಟ್ಟಗೆ ನಿಂತಂತೆ ತೇಲಿದಳು. ಅವನ ಅಂಗೈಯನ್ನು ನೀರಿನೊಳಗೆ ಕೆಳಗೆ, ಇನ್ನೂ ಕೆಳಗೆ ಒಯ್ದು, ಅದರ ಮೇಲೆ ಪಾದ ಇಟ್ಟಳು. "ಇಲ್ಲಿ." ಅವನ ಗದ್ದ ನೀರಿಗೆ ತಾಗಿತ್ತು. ಹೆದರಿಕೆ ನೆನಪಾಗಲೇ ಇಲ್ಲ. ಅವಳು ಕುತ್ತಿಗೆಗೆ ಸುತ್ತಿಕೊಂಡು ಬಂದಿದ್ದ ಹಾಯಿ ಹೊಲಿಯುವ ದಾರದಲ್ಲಿ ಆಳ ಅಳೆದು ಗಂಟು ಹಾಕಿಕೊಂಡ.

ಕನ್ನಡಿಯಂಥ ಏಣಿಯನ್ನು ಅವನೇ ಕುಯ್ದು ಹಾಕಿದ. ಹೊಸದಕ್ಕೆ ನೀರಿನೊಳಗೆ ಆಳಕ್ಕೆ ಚಾಚುವ ಮಡಚು ಮೆಟ್ಟಿಲು ಬಂದವು. ಪಾದ ಊರಲು ಅಗಲವಾದ ಪಟ್ಟಿ. ಕಾಲು ದೋಣಿಯಡಿ ನುಗ್ಗದಂತೆ ಏಣಿಯನ್ನು ದೂರ ನಿಲ್ಲಿಸುವ, ಮೊಳಕೈಯಂತೆ ಬಾಗಿದ ಎರಡು ಕಂಬಿ. ಮೇಲೆ ಹಿಡಿಯಲು ಬಾಗಿದ ಹಿಡಿಕೆ. ದೋಣಿಯಲ್ಲಿ ಯಾರೂ ಇಲ್ಲದಿದ್ದರೂ ನೀರಿನಲ್ಲಿರುವವರೇ ಏಣಿ ಬಿಚ್ಚಿಕೊಳ್ಳಲಿ ಎಂದು ಒಂದು ಹಗ್ಗ. ಆ ಹಗ್ಗ ಮೊದಲು ಗಿಡ್ಡವಾಯಿತು. ಅಕ್ಕ ಕಟ್ಟೆಯ ಹತ್ತಿರ ತೇಲುತ್ತಲೇ, "ನಾನೇನು ಜಿರಾಫೇನೋ?" ಎಂದು ಬೈದಳು. ಉದ್ದ ಮಾಡಿದ.

ಭಾನುವಾರ ಮೂವರೂ ದಡ ಸಣ್ಣದಾಗುವಷ್ಟು ದೂರ ಹೋದರು. ಅಕ್ಕ ಹಾರಿದಳು. ಮೀನು ನಾಚಬೇಕು, ಹಾಗೆ ಈಜಿದಳು. ಹಿಂತಿರುಗಿ ಬಂದು ಹಗ್ಗ ಎಳೆದಳು. ಏಣಿ ಸರ್ರನೆ ನೀರಿಗಿಳಿಯಿತು. ಅವಳ ಪಾದ ಹುಡುಕಿತು, ಮೆಟ್ಟಿಲು ಸಿಕ್ಕಿತು. ಸೋತ ತೋಳು ಒಮ್ಮೆ ಜಾರಿತು. ಕಿಡಿಯ ಕೈ ತಾನಾಗಿ ಮುಂದೆ ಹೋಯಿತು.

"ಕೈ ತೆಗಿ," ಎಂದರು ಭಾವ ಮೆಲ್ಲಗೆ.

ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ ಕೂತ. ಅಕ್ಕ ಕಾಲಿನ ಬಲದಲ್ಲೇ ಒಂದೊಂದಾಗಿ ಹತ್ತಿ, ಹಿಡಿಕೆ ಹಿಡಿದು, ದೋಣಿಯೊಳಗೆ ಕಾಲಿಟ್ಟು, ನೀರು ಸುರಿಸುತ್ತ ನಿಂತಳು. ಭಾವ ಟವೆಲ್ ಕೊಡುವುದನ್ನು ಮರೆತು ಅದರಲ್ಲಿ ತಮ್ಮ ಕಣ್ಣೊರೆಸಿಕೊಂಡರು.

"ಮೇಲಿನ ಎರಡು ಮೆಟ್ಟಿಲು ತೀರಾ ಹತ್ತಿರ ಆದ್ವು," ಎಂದಳು ಅಕ್ಕ.

ಕಿಡಿಯ ಮೂಗು ಕೆಂಪಾಯಿತು. ಭಾವ ಕಿವಿ ಮುಚ್ಚಿಕೊಳ್ಳಲು ತಯಾರಾದರು.

"ಎಷ್ಟು ಹತ್ತಿರ?" ಎಂದ ಕಿಡಿ.

"ತಾಳು, ಇನ್ನೊಂದ್ಸಲ ಹತ್ತಿ ಹೇಳ್ತೀನಿ," ಎಂದವಳೇ ಮತ್ತೆ ನೀರಿಗೆ ಹಾರಿದಳು.

"ದೋಣಿ ನೋಡೋಕೆ ಬರೋರಿಗೆ ಏನ್ ಹೇಳ್ಲೇ?" ಭಾವ ಕೂಗಿ ಕೇಳಿದರು.

"ದೋಣಿ ಇಲ್ಲ, ಏಣಿ ಬೇಕಿದ್ರೆ ನನ್ನ ತಮ್ಮನ ಹತ್ರ ಹೋಗಿ ಅನ್ನಿ!"

ಈಗಲೂ ಕಿಡಿಯ ಶೆಡ್ಡಿಗೆ ದೂರು ಹೊತ್ತು ಬರುವವರಿದ್ದಾರೆ. ಈಗಲೂ ಅವನು ಬೈಯುತ್ತಾನೆ. ಆದರೆ ಗ್ರೈಂಡರಿಗೆ ಕೈ ಹೋಗುವುದಿಲ್ಲ. ಬೈಯುತ್ತಲೇ ಬಾಗಿಲ ಹಿಂದಿನ ಮೊಳೆಯಿಂದ ಎರಡು ಲೈಫ್ ಜಾಕೆಟ್ ತೆಗೆದು, ಎರಡನ್ನೂ ತಾನೇ ತೊಟ್ಟುಕೊಂಡು, "ನಡೀರಿ, ನೀರಿಗಿಳಿದು ತೋರ್ಸಿ" ಎಂದು ಮುಂದೆ ನಡೆಯುತ್ತಾನೆ.