ಬಾಲಯೇಸುವಿಗೆ ಅರಳೆಯ ಹಾಸಿಗೆ

ಈಗಿನ ಮಕ್ಕಳಿಗೆ ಕ್ರಿಸ್ಮಸ್ ಅಂಗಡಿಯಿಂದ ಬರುತ್ತದೆ. ನಮಗೆ ಅದು ಹರಿಹರದಿಂದ ಬರುತ್ತಿತ್ತು, ಅದೂ ಒಂದೇ ಸಲಕ್ಕಲ್ಲ, ನಾಲ್ಕು ಭಾನುವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲು ತೆಗೆಯುವ ಕೆಲಸಕ್ಕಿದ್ದ. ಮಿಲ್ಲಿನ ಹಿಂದಿನ ವಠಾರದಲ್ಲಿ ನಮ್ಮ ಮನೆ. ಭಾನುವಾರ ಬೆಳಿಗ್ಗೆ ಅವ್ವ ನನ್ನ ತಲೆಗೆ ಎಣ್ಣೆ ಒತ್ತಿ, ಎರಡು ಜಡೆ ಬಿಗಿದು, ರೈಲು ಹತ್ತಿಸಿ ಹರಿಹರದ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದಳು. ಅವಳು ಬಿಗಿದ ಜಡೆಗೆ ಕಣ್ಣು ಮೇಲೆ ಹೋಗಿ ನಾನು ಪೂಜೆ ಮುಗಿಯುವವರೆಗೂ ಬೆರಗಾದವಳ ಹಾಗೆ ಕಾಣುತ್ತಿದ್ದೆ.

ಯೇಸು ಹುಟ್ಟಿದ ಹಬ್ಬಕ್ಕೆ ಮುಂಚಿನ ಆ ನಾಲ್ಕು ವಾರಗಳಿಗೆ ಆಗಮನ ಕಾಲ ಎಂದು ಹೆಸರು. ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಿದ್ದರು. ಪೀಠದ ಪಕ್ಕದಲ್ಲಿ ಒಂದು ಖಾಲಿ ಗೋದಲಿ ಬಂದು ಕೂರುತ್ತಿತ್ತು. ದನಕ್ಕೆ ಮೇವು ಹಾಕುವಂಥ ಮರದ ತೊಟ್ಟಿ ಅದು. ಮಕ್ಕಳು ವಾರವೆಲ್ಲ ಮಾಡಿದ ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಭತ್ತದ ಹುಲ್ಲಿನ ಕಡ್ಡಿ ಅದರೊಳಗೆ ಹಾಕಬೇಕು. ಹಬ್ಬದ ದಿನ ಬಾಲಯೇಸು ಬಂದು ಅದರ ಮೇಲೆ ಮಲಗುತ್ತಾನೆ. "ಆತ ಬಂದೇ ಬರುತ್ತಾನೆ, ಸಿದ್ಧರಾಗಿರಿ" ಎಂದು ಗುರುಗಳು ಹೇಳಿದ್ದನ್ನು ನಾನು ಅಕ್ಷರಶಃ ನಂಬಿದ್ದೆ. ಸೋದರಮಾವ ಬರುತ್ತೇನೆಂದರೆ ನಂಬುವುದಿಲ್ಲವೇ, ಹಾಗೆ.

ನನಗೆ ಆಗ ಏಳು ವರ್ಷ. ಮೊದಲ ಭಾನುವಾರ ನನ್ನ ಪಾಲಿಗೆ ಬಂದದ್ದು ಎರಡೇ ಕಡ್ಡಿ. ಅದರಲ್ಲೂ ಎರಡನೆಯದು ಸುಳ್ಳು ಲೆಕ್ಕದ್ದು. ಅದನ್ನು ಹಾಕುವಾಗ ಗೋದಲಿಯೊಳಗೆ ಕೈಯಿಟ್ಟೆ ನೋಡಿ, ಹುಲ್ಲು ಚುರ್ರೆಂದು ಚುಚ್ಚಿತು. ಆಗ ತಾನೇ ಹುಟ್ಟಿದ ಕೂಸನ್ನು ಇದರ ಮೇಲೆ ಮಲಗಿಸುತ್ತಾರೆಯೇ! ದೊಡ್ಡವರಿಗೆ ಒಬ್ಬರಿಗೂ ಬುದ್ಧಿ ಬೇಡವೇ ಎಂದು ಸಿಟ್ಟೇ ಬಂತು. ಬರುವಾಗ ರೈಲಿನಲ್ಲಿ ಕೂತು ತೀರ್ಮಾನ ಮಾಡಿದೆ. ಯೇಸುವಿಗೆ ಅರಳೆಯ ಹಾಸಿಗೆ ಬೇಕು.

ಆದರೆ ನಮ್ಮದು ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಊರ ತುಂಬ ಹತ್ತಿ, ನಮ್ಮ ಮನೆಯಲ್ಲಿ ದೀಪದ ಬತ್ತಿಗೂ ಹಳೆ ಬಟ್ಟೆ. ಅಪ್ಪನನ್ನೇ ಕೇಳಿದೆ.

"ಅಪ್ಪಾ, ಮಿಲ್ಲಿನಿಂದ ಒಂದು ಹಿಡಿ ಅರಳೆ ತಗಂಬಾ. ಯೇಸುಗೆ ಹಾಸಿಗೆ ಮಾಡಾಕೆ."

"ಗೇಟಿನಾಗೆ ಮೈ ತಡವಿ ಬಿಡ್ತಾರೆ ಕಣವ್ವ. ತಡವದಿದ್ರೂ ನಾ ತರಂಗಿಲ್ಲ. ಕದ್ದ ಹಾಸಿಗೆ ಮ್ಯಾಲೆ ದೇವ್ರನ್ನ ಮಲಗಿಸ್ತಿಯೇನು?"

ಅವನ ಕಿವಿಯ ಹಿಂದೆ ಒಂದು ಬಿಳಿ ಎಳೆ ಅಂಟಿತ್ತು. ಕಿತ್ತು ತೋರಿಸಿದೆ.

"ಇದೂ ಕಳ್ಳತನಾನಾ?"

"ಅದು ಕಸ" ಎಂದ ಅಪ್ಪ. ಆ ಮಾತು ಹೇಳಿದ ಮೇಲೆ ಅವನ ಮುಖ ಸಣ್ಣಗಾಯಿತು. ಅದಕ್ಕೊಂದು ಕಾರಣವಿತ್ತು.

ಆ ವರ್ಷ ಮಳೆಗಾಲದವರೆಗೆ ಅಪ್ಪನೂ ನಮ್ಮ ಜೊತೆ ಹರಿಹರಕ್ಕೆ ಬರುತ್ತಿದ್ದ. ಒಂದು ಭಾನುವಾರ ರಾತ್ರಿಪಾಳಿ ಮುಗಿಸಿದವನು ಮನೆಗೂ ಬಾರದೆ ಸೀದಾ ಸ್ಟೇಷನ್ನಿಗೆ ಬಂದ. ತಲೆ, ಹುಬ್ಬು, ಅಂಗಿ ಎಲ್ಲಾ ಅರಳೆ. ಗುರುಗಳು ಪ್ರಸಂಗಕ್ಕೆ ನಿಂತು ಉಪದೇಶ ಮಾಡುವ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು. ಬರೀ ನಿದ್ದೆಯಾಗಿದ್ದರೆ ದಾಟಿಹೋಗುತ್ತಿತ್ತು, ಗೊರಕೆಯೂ ಶುರುವಾಯಿತು. ಗುರುಗಳು ಮಂಗಳೂರು ಕಡೆಯವರು, ಪುಸ್ತಕದಂಥ ಕನ್ನಡ, ಮೂಗಿನ ತುದಿಯಲ್ಲಿ ಕೋಪ. ಮಾತು ನಿಲ್ಲಿಸಿ, "ಮಲಗಲು ನಿಮಗೆ ಮನೆಯಿಲ್ಲವೇ? ದೇವರ ಮನೆಗೆ ಬರುವಾಗ ಮೈಮೇಲಿನ ಕಸವನ್ನಾದರೂ ಕೊಡವಿಕೊಂಡು ಬರಬಾರದೇ?" ಎಂದರು. ಎಲ್ಲರೂ ತಿರುಗಿ ನೋಡಿದರು. ಅಪ್ಪ ಎದ್ದು ಹೊರಗೆ ಹೋದ. "ಆ ಹೊಸ್ತಿಲು ಇನ್ನ ನಾ ತುಳಿಯಂಗಿಲ್ಲ" ಎಂದು ಅವ್ವನಿಗೆ ಹೇಳಿದವನು ಹಾಗೇ ನಡೆದುಕೊಂಡ. ಅಂದಿನಿಂದ ಇನ್ನೊಂದು ರೂಢಿಯೂ ಶುರುವಾಯಿತು. ಪಾಳಿ ಮುಗಿದ ಕೂಡಲೇ ಗೇಟಿನ ಹೊರಗೆ ನಿಂತು, ಅಂಗಿ ಬಿಚ್ಚಿ ಝಾಡಿಸಿ, ಟವೆಲ್ಲಿನಿಂದ ತಲೆ ಬಡಿದುಕೊಂಡು, ಒಂದೆಳೆ ಉಳಿಯದ ಹಾಗೆ ಮಾಡಿಕೊಂಡೇ ಮನೆಗೆ ಬರುತ್ತಿದ್ದ. ಅವನು ಹಾಗೆ ಬಡಿದುಕೊಳ್ಳುವುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

"ಕಸ ಆದ್ರೆ ನಂಗೆ ಕೊಡು" ಎಂದು ಆ ಎಳೆಯನ್ನು ಬೆಲ್ಲದ ಖಾಲಿ ಡಬ್ಬಿಗೆ ಹಾಕಿದೆ.

ಮರುದಿನದಿಂದ ಅಪ್ಪ ಬಂದ ತಕ್ಷಣ ಅವನನ್ನು ಜಗಲಿಯ ಮೇಲೆ ಕೂರಿಸಿ ಹುಡುಕುವುದೇ ನನ್ನ ಕೆಲಸ. ಹೇನು ನೋಡಿದ ಹಾಗೆ ನೋಡುತ್ತಿದ್ದೆ. ಮೊದಲ ದಿನ ಕಾಲರಿನ ಮಡಿಕೆಯಲ್ಲಿ ಎರಡೆಳೆ. ಮೂರನೆಯ ದಿನ ಜೇಬಿನ ಹೊಲಿಗೆಯಲ್ಲಿ ಒಂದಿಷ್ಟು. ಎರಡನೆಯ ವಾರದ ಹೊತ್ತಿಗೆ ಭುಜದ ಮೇಲೆ, ತೋಳಿನ ಮೇಲೆ, ಕೂದಲಲ್ಲಿ ಧಾರಾಳವಾಗಿ ಸಿಗತೊಡಗಿತು. ನಾನು ಪ್ರತಿ ರಾತ್ರಿ ಮಲಗುವ ಮುಂಚೆ, "ಯೇಸಪ್ಪಾ, ನಿನ್ನ ಹಾಸಿಗೇನೇ, ನೀನೇ ಹೆಚ್ಚು ಮಾಡಿಕೋ" ಎಂದು ಕೇಳಿಕೊಳ್ಳುತ್ತಿದ್ದೆ. ಐದು ರೊಟ್ಟಿಯನ್ನು ಐದು ಸಾವಿರ ಜನಕ್ಕೆ ಹಂಚಿದವನಿಗೆ ಇದು ಯಾವ ಲೆಕ್ಕ? ಹಾಗಾಗಿ ಅರಳೆ ಹೆಚ್ಚಿದ್ದು ನನಗೆ ಆಶ್ಚರ್ಯವೆನ್ನಿಸಲಿಲ್ಲ.

ಡಬ್ಬಿ ತುಂಬಿದ ಮೇಲೆ ಪಿಂಜಾರ ಅಜ್ಜನ ಹತ್ತಿರ ಒಯ್ದೆ. ನಮ್ಮ ಮನೆಯಿಂದ ಮೂರನೆಯ ಮನೆ ಅವನದು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ಎಣ್ಣೆ ಮೆತ್ತಿಕೊಂಡ ನನ್ನ ಮುದ್ದೆಯನ್ನು ನೋಡಿ ನಕ್ಕ.

"ಯಾರಿಗೆ ಬೇಟಿ, ಇಲಿಗಾ ಹಾಸಿಗೆ?"

"ಯೇಸುಗೆ."

ಅಜ್ಜ ನಗು ನಿಲ್ಲಿಸಿದ. "ನಮ್ ಈಸಾ ನಬಿಗಾ? ನಿಮ್ ಯೇಸು ನಮ್ಗೂ ಪೈಗಂಬರ್ರೇ. ಹಂಗಾದ್ರೆ ಚೆಂದಾಗಿ ಹಿಂಜಬೇಕು ನೋಡು" ಎಂದವನೇ ಹತ್ತಿ ಹಿಂಜುವ ಬಿಲ್ಲು ತೆಗೆದ. ಟಂಯ್ ಟಂಯ್ ಎಂದು ಬಿಲ್ಲಿನ ನಾರು ಬಡಿದಂತೆಲ್ಲ ಕೊಳೆಯೆಲ್ಲ ಉದುರಿ ಅರಳೆ ಉಬ್ಬಿತು. ಅವ್ವನ ಹಳೆ ಸೀರೆಯ ತುಂಡಿನಲ್ಲಿ ತುಂಬಿ, ನಾಲ್ಕೂ ಕಡೆ ಹೊಲಿದು ಕೊಟ್ಟ. ನನ್ನ ಎರಡು ಅಂಗೈಯಷ್ಟು ಹಾಸಿಗೆ. ಕೆನ್ನೆಗೆ ಒತ್ತಿಕೊಂಡೇ ಮನೆಗೆ ಬಂದೆ.

ಹಬ್ಬದ ಹಿಂದಿನ ಸಂಜೆ ಅಪ್ಪ ರಾತ್ರಿಪಾಳಿಗೆ ಬುತ್ತಿ ಕಟ್ಟಿಸಿಕೊಳ್ಳುತ್ತಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾಳೆ ನೀನೂ ಬಾ."

"ಬ್ಯಾಡವ್ವ. ನೀವಿಬ್ರೂ ಹೋಗ್ಬರ್ರಿ."

"ಹಾಸಿಗೆ ಯಾರ್ದು ಅಂತ ಯೇಸು ಕೇಳ್ತಾನೆ. ನಮ್ಮಪ್ಪಂದು ಅಂತೀನಿ. ಎಲ್ಲಿ ನಿಮ್ಮಪ್ಪ ಅಂದ್ರೆ? ನೀ ಇಲ್ದಿದ್ರೆ ನನ್ನ ಸುಳ್ಳಿ ಅನ್ನಲ್ವಾ?"

ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಹೋದ. ಯೇಸು ಬರುವುದರ ಬಗ್ಗೆ ನನಗೆ ಒಂಚೂರೂ ಅನುಮಾನವಿರಲಿಲ್ಲ. ಇದ್ದದ್ದೆಲ್ಲ ಅಪ್ಪನ ಬಗ್ಗೆ.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ಹಾಸಿಗೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಅವ್ವ ಹೊಸ ಸೀರೆ ಉಟ್ಟಿದ್ದಳು. ದೂರದಲ್ಲಿ ರೈಲಿನ ಹೊಗೆ ಕಂಡಾಗಲೂ ನಾನು ಮಿಲ್ಲಿನ ದಾರಿಯನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಬುತ್ತಿ ಡಬ್ಬಿ ಕುಲುಕಿಸುತ್ತ ಅಪ್ಪ ಓಡಿಬಂದ. ತಲೆಯಿಂದ ಚಪ್ಪಲಿಯವರೆಗೆ ಬೆಳ್ಳಗಾಗಿದ್ದ. ಅವ್ವ ಗಾಬರಿಯಿಂದ ಸೆರಗು ಹಿಡಿದು ಅವನ ಭುಜ ಒರೆಸಲು ಹೋದಳು.

"ಇವತ್ತಾದ್ರೂ ಕೊಡವಿಕೊಂಡು ಬರಬಾರ್ದೇನ್ರೀ? ಮತ್ತೆ ಅಂತಾರೆ ಅವ್ರು."

ಅಪ್ಪ ಹಿಂದೆ ಸರಿದ. "ಬಿಡೇ. ಹದಿನೈದು ದಿನದಿಂದ ಕೊಡವಿಲ್ಲ, ಇವತ್ಯಾಕ? ಹಾಸಿಗೆಗೆ ಸಾಲದಿದ್ರೆ ಇರಲಿ."

ಅರಳೆ ಹೆಚ್ಚು ಮಾಡಿದವನು ಯಾರೆಂದು ಆಗ ತಿಳಿಯಿತು. ನಿಜ ಹೇಳುತ್ತೇನೆ, ನನಗೆ ಕೊಂಚ ನಿರಾಸೆಯೇ ಆಯಿತು. ಯೇಸುವಿನ ಪವಾಡವನ್ನು ಅಪ್ಪ ಕಿತ್ತುಕೊಂಡ ಹಾಗೆ. ಆ ನಿರಾಸೆಯನ್ನು ನೆನೆದರೆ ಈಗ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ.

ಚರ್ಚಿನ ಹೊಸ್ತಿಲಲ್ಲಿ ಅಪ್ಪ ಒಂದು ಗಳಿಗೆ ನಿಂತ. ನಾನು ಅವನ ಬೆರಳು ಹಿಡಿದು ಎಳೆದು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಬಾಲಯೇಸುವಿನ ಬೊಂಬೆ ಹಿಡಿದು ಗೋದಲಿಯ ಮುಂದೆ ನಿಂತಿದ್ದ ಗುರುಗಳ ಬಳಿಗೆ ನೇರ ಹೋಗಿ ಹಾಸಿಗೆ ಚಾಚಿದೆ.

"ಹುಲ್ಲು ಚುಚ್ಚತೈತೆ ಫಾದರ್. ಇದು ನಮ್ಮಪ್ಪನ ಮೈಮ್ಯಾಲಿನ ಅರಳೆ. ಕದ್ದಿದ್ದಲ್ಲ."

ಗುರುಗಳು ನನ್ನನ್ನು ನೋಡಿದರು, ಹಿಂದಿನ ಸಾಲಿನಲ್ಲಿ ಬೆಳ್ಳಗೆ ಕೂತಿದ್ದ ಅಪ್ಪನನ್ನು ನೋಡಿದರು. ಹಾಸಿಗೆಯನ್ನು ಹುಲ್ಲಿನ ಮೇಲೆ ಹಾಸಿ, ತಟ್ಟಿ ಸರಿಮಾಡಿ, ಕೂಸನ್ನು ಮಲಗಿಸಿದರು.

ನಾನು ಅಪ್ಪನ ಪಕ್ಕಕ್ಕೆ ಬಂದು ಕೂತೆ, ಪ್ರಸಂಗ ಶುರುವಾಯಿತು. ಅಪ್ಪನ ತಲೆ ಒಂದು ಸಲ ತೂಗಿತು, ಎರಡು ಸಲ ತೂಗಿತು. ಅವ್ವ ತಿವಿದಳು. ಪ್ರಯೋಜನವಾಗಲಿಲ್ಲ, ಗೊರಕೆ ಕೇಳಿಯೇ ಬಿಟ್ಟಿತು. ಗುರುಗಳು ಮಾತು ನಿಲ್ಲಿಸಿದರು. ಎಲ್ಲರೂ ತಿರುಗಿದರು. ನಾನು ಅಪ್ಪನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ, ಈ ಸಲ ಎದ್ದು ಹೋಗಲು ಬಿಡಬಾರದೆಂದು.

ಗುರುಗಳು ಮತ್ತೆ ಮಾತು ಶುರು ಮಾಡಿದರು, ಆದರೆ ದನಿ ತೀರಾ ತಗ್ಗಿಸಿ. ಹಿಂದಿನವರಿಗೆ ಕೇಳಿಸುತ್ತಲೇ ಇರಲಿಲ್ಲ. ಹಾಸಿಗೆಯ ಮೇಲಿನ ಕೂಸು ಎಚ್ಚರವಾದೀತೆಂದು ಹಾಗೆ ಮಾಡುತ್ತಿದ್ದಾರೆ ಎಂದೇ ನಾನು ಬಹಳ ವರ್ಷ ನಂಬಿದ್ದೆ.