ಬಡಾಯಿ ಪದದ ಕೆಳಗ ನಾನು

ನನ್ನ ಟಾಂಗಾದಾಗ ಕೂಡದಂಥ ದೊಡ್ಡ ಮನುಷ್ಯಾ ವಾಡಿ ಸ್ಟೇಷನ್‌ದಾಗ ಇಳದೇ ಇಲ್ಲ. ಒಬ್ಬ ಕವಿಗಳಂತೂ ಚಿತ್ತಾಪುರದ ಮಟ ನನ್ನ ಮಾತು ಕೇಳಕೋತ ಬರತಿದ್ದರು. ಅವರು ತೀರಿಹೋಗಿ ಭಾಳ ವರ್ಷದ ಮ್ಯಾಲ ಒಬ್ಬ ಅಕ್ಕೋರು ದಪ್ಪ ಪುಸ್ತಕ, ಲ್ಯಾಪ್‌ಟಾಪ್ ಹಿಡಕೊಂಡು ಟಾಂಗಾ ಹತ್ತಿದರು. ಪುಸ್ತಕ ಅದೇ ಕವಿಗಳ ಸಮಗ್ರ ಕಾವ್ಯ. ಇಂಟರ್ನೆಟ್‌ನ್ಯಾಗ ನಿಘಂಟು ಮಾಡಾಕತ್ತಾರಂತ, ಒಂದೊಂದು ಪದಕ್ಕ ಉದಾಹರಣಿಗಂತ ಆ ಪುಸ್ತಕದಾಗಿಂದ ಒಂದೊಂದು ಸಾಲು ಹಾಕತಾರಂತ.

“ಚಿಂಚೋಳಿ ಅಡವ್ಯಾಗ ನಾ ಹುಲಿ ಕಿವಿ ಹಿಂಡಿದ್ದು ಅದರಾಗ ಅದ ಏನ್ರಿ ಅಕ್ಕೋರ?” ಅಂದೆ.

ಅಕ್ಕೋರು ಕಣ್ಣು ಅರಳಿಸಿ ನನ್ನ ಮಾರಿ ನೋಡಿದರು. “ಆ ಟಾಂಗಾದವ ನೀವೇನು ಮುತ್ಯಾ? ನಿನ್ನೇನೇ ಆ ಸಾಲು ಹಾಕೀನಿ!”

“ಶೌರ್ಯ ಅನ್ನೋ ಪದಕ್ಕೇನ್ರಿ?”

“ಅಲ್ಲ, ಬಡಾಯಿಗೆ.”

ಕೈಯಾಗಿನ ಲಗಾಮು ಜಾರಿತು, ಕುದರಿ ನಡುರಸ್ತಾದಾಗ ನಿಂತಿತು. ಊರಾಗ ನಾಕು ಮಂದಿ ನಕ್ಕರ ನಡೀತದ, ಇದನ್ನ ದುನಿಯಾನೇ ಓದತದ! “ನನ್ನ ಇಜ್ಜತ್ ಹೋಗತದ, ತಗದು ಬಿಡ್ರಿ ತಾಯಿ” ಅಂತ ಕೈ ಮುಗದೆ.

“ಬರಂಗಿಲ್ಲ ಮುತ್ಯಾ. ಪುಸ್ತಕದಾಗ ಇದ್ದದ್ದು ಇದ್ದಂಗೇ ಹಾಕಬೇಕು, ಅದೇ ನಮ್ಮ ನಿಯಮ” ಅಂದು ಅವರು ಪುಟ ತಗದು ಓದಿದರು: “ಬಡಾಯಿ ಟಾಂಗಾದವ, ಒಂದು ಹುಲಿಯ ಕಿವಿ ಹಿಂಡಿದನಂತೆ.”

ಎದಿ ಒಡದಂಗಾಯ್ತು ನನಗ. ಬಡಾಯಿ ಅಂದದ್ದು ಹಾಳಾಗಿ ಹೋಗಲಿ. ಅಂಥಾ ದೊಡ್ಡ ಮನುಷ್ಯಾ, ನನ್ನ ಮಗ್ಗಲದಾಗೇ ಕುಂತು ನಾ ಎರಡು ಹುಲಿ ಅಂದದ್ದು ಕೇಳಿ, ಒಂದೇ ಬರದಾನಲ್ರಿ!