ಟಿ.ವಿ.ಗೆ ಹೊದಿಸಿದ ಬಟ್ಟೆಯ ಉಂಗುರ

ಮಗಳು ಇವತ್ತು ಕಪಾಟಿನಿಂದ ಹಳೆಯ ಬಟ್ಟೆಯೊಂದನ್ನು ಎಳೆದಳು. ಒಣನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗಲ್ಫಿನ ರೂವಿಯಲ್ಲಿ, ಬಾಲ್ಯದ ನಮ್ಮ ಫ್ಲ್ಯಾಟಿನಲ್ಲಿದ್ದೆ.

ಎದುರು ಮನೆಯ ಲೂಜ್ ಆಂಟಿ ನರ್ಸ್, ಫಿಲಿಪೈನ್ಸಿನ ಟಿಬೋಲಿ ಬುಡಕಟ್ಟಿನವರು. ಅವರ ಅಜ್ಜಿ ಕನಸಿನಲ್ಲಿ ಕಂಡ ಚಿತ್ತಾರವನ್ನೇ ಬಾಳೆ ಜಾತಿಯ ಗಿಡದ ನಾರಿನಲ್ಲಿ ನೇಯುತ್ತಿದ್ದರಂತೆ. ಅಂಥದೊಂದು ಬಟ್ಟೆಯನ್ನು ಆಂಟಿ ಅಮ್ಮನಿಗೆ ಕೊಟ್ಟರು. ಮೂಲೆಯಲ್ಲೊಂದು ಹಿತ್ತಾಳೆ ಉಂಗುರವಿತ್ತು.

ನಮ್ಮಮ್ಮ ಮಿಕ್ಸಿಗೂ ಅಂಗಿ ತೊಡಿಸುವವಳು. ಗಾಜಿಗೆ ಗೀರು ಬೀಳುತ್ತದೆಂದು ಉಂಗುರ ಕಿತ್ತು, ಬಟ್ಟೆ ಕತ್ತರಿಸಿ ಟಿ.ವಿ.ಗೆ ಹೊದಿಸಿದಳು. ಮರುದಿನವೇ ತಮ್ಮನಿಗೆ ಮೈಸುಡುವ ಜ್ವರ.

ನೋಡಲು ಬಂದ ಆಂಟಿ ಟಿ.ವಿ. ಕಂಡು ಬಿಳಿಚಿಕೊಂಡರು. “ರಿಂಗ್ ಕಿದರ್?” ಉಂಗುರ ಕಟ್ಟಿರದ ಬಟ್ಟೆ ಕತ್ತರಿಸಿದರೆ ನಾರಿನ ದೈವ ಮುನಿದು ಕಾಯಿಲೆ ತರುತ್ತದಂತೆ.

ಅಪ್ಪ ನಕ್ಕರು. “ಮಾತ್ರೆ ಕೊಟ್ಟಾಯ್ತಲ್ಲ, ಖಲಾಸ್.”

“ದೈವದ ವಿಷಯದಲ್ಲಿ ನೆಗಾಡ್ಬೇಡಿ ಮಾರಾಯ್ರೆ,” ಎಂದಳು ಅಮ್ಮ. ಊರಿನ ದೈವವಾದರೆ ಕೋಲ ಕೊಡಬಹುದು. ಇದರ ಹತ್ತಿರ ಯಾವ ಭಾಷೆಯಲ್ಲಿ ತಪ್ಪಾಯಿತು ಅನ್ನುವುದು?

ಉಂಗುರ ಕಸದೊಂದಿಗೆ ಹೋಗಿತ್ತು. ಅಮ್ಮ ಉರಿಬಿಸಿಲಲ್ಲಿ ಕೆಳಗಿನ ಕಸದ ಡ್ರಮ್ಮಿಗೆ ಕೈಹಾಕಿ ಹುಡುಕುತ್ತಿದ್ದಳು. ನಾನು ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದೆ. ಒಳಗೆ ತಮ್ಮ ನರಳಿದರೂ ಭಯ, ನರಳುವುದು ನಿಂತರೆ ಇನ್ನೂ ಭಯ.

ಉಂಗುರ ಸಿಕ್ಕಿತು. ಆಂಟಿಯೇ ಹೊಲಿದರು. ಜ್ವರ ಇಳಿದದ್ದು ಮಾತ್ರೆಯಿಂದ ಎಂದೇ ಅಪ್ಪ ಕೊನೆಯವರೆಗೂ ಹೇಳಿದರು. ಆದರೆ ಟಿ.ವಿ. ಹಾಕುವಾಗ ಆ ಬಟ್ಟೆ ಸರಿಸಲು ಅಮ್ಮನನ್ನೇ ಕರೆಯುತ್ತಿದ್ದರು.

“ಮಮ್ಮಿ, ಇದ್ರಲ್ಲಿ ಕುಶನ್ ಕವರ್ ಮಾಡ್ಲಾ?” ಮಗಳ ಕೈಯಲ್ಲಿ ಕತ್ತರಿಯಿತ್ತು.

ನನಗೆ ಇಂಥದರಲ್ಲೆಲ್ಲ ನಂಬಿಕೆಯಿಲ್ಲ. ಅಷ್ಟರಲ್ಲಾಗಲೇ ನನ್ನ ಬೆರಳುಗಳು ಬಟ್ಟೆಯ ಮೂಲೆಯಲ್ಲಿ ಉಂಗುರವನ್ನು ತಡಕುತ್ತಿದ್ದವು.